ಪೂಜೆಗೆ ಕೂತ ಬೈಕ್ ರೇಸು

ರಾಜಮ್ಮನಿಗೆ ಸಾಕುಸಾಕಾಗಿತ್ತು. ಬೇಸಿಗೆಯಲ್ಲಿ ಮಗಳು ನಿಶ್ಚಿತಾ ನಾಯಿ ಅಡ್ಡ ಬಂದು ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು ಅಂತ ಫೋನು ಬಂದಾಗ ಮೈಸೂರಿನಿಂದ ವಡೋದರಕ್ಕೆ ಉಟ್ಟ ಸೀರೆಯಲ್ಲೇ ಓಡಿಬಂದವಳು, ನವರಾತ್ರಿ ಬಂದರೂ ಮಂಜಲ್‌ಪುರದ ಈ ಫ್ಲ್ಯಾಟಿನಲ್ಲೇ ಇದ್ದಳು. ಕೈ ಕೂಡಿಕೊಂಡಿತ್ತು. ಸ್ಕೂಟರೂ ರಿಪೇರಿಯಾಗಿ ಕೆಳಗೆ ಪಾರ್ಕಿಂಗಿನಲ್ಲಿ ಕವರು ಹೊದ್ದು ನಿಂತಿತ್ತು. ಸರಿಹೋಗದೆ ಉಳಿದದ್ದು ಮಗಳ ಧೈರ್ಯ ಒಂದೇ. "ನಾನು ಮತ್ತೆ ಗಾಡಿ ಹತ್ತೋವರೆಗೂ ಇರಮ್ಮ" ಅಂದಿದ್ದಳು. ರಾಜಮ್ಮ ಹೂಂ ಅಂದುಬಿಟ್ಟಿದ್ದಳು. ಅತ್ತ ಗಂಡ ಪಟ್ಟಾಭಿರಾಮ ಮೆಸ್ಸಿನ ಊಟ ಮಾಡಿಕೊಂಡು, "ಯಾವಾಗ ಬರ್ತೀಯೆ?" ಅಂತ ದಿನಾ ಫೋನು ಮಾಡುತ್ತಿದ್ದ.

ಗಾಡಿ ಹತ್ತಬೇಕಾದವಳು ಮಾಡುತ್ತಿದ್ದದ್ದೇನು? ಮಕರಪುರದ ಕಾರ್ಖಾನೆಯಿಂದ ಶೇರ್ ಆಟೋದಲ್ಲಿ ಹೈರಾಣಾಗಿ ಬಂದು, ಸೋಫಾದ ಮೇಲೆ ಕಾಲು ಚಾಚಿ, ಎರಡು ಕೈಯಲ್ಲೂ ಒಂದು ಗೇಮಿನ ಡಬ್ಬಿ ಹಿಡಿದು ಕೂರುತ್ತಿದ್ದಳು. ಬೆರಳಿಗೆ ವ್ಯಾಯಾಮ ಅಂತ ಕೊಂಡದ್ದಂತೆ. ಅದರ ಪುಟ್ಟ ಪರದೆಯೊಳಗೆ ಬೈಕ್ ರೇಸು. ಅವಳ ಸವಾರ ಬೀಳುತ್ತಿದ್ದ, ಉರುಳುತ್ತಿದ್ದ, ಬಟ್ಟೆಯ ಧೂಳೂ ಕೊಡವಿಕೊಳ್ಳದೆ ಎದ್ದು ಮತ್ತೆ ಹತ್ತುತ್ತಿದ್ದ. ಆ ಬುದ್ಧಿ ನನ್ನ ಮಗಳಿಗೆ ಬರಬಾರದೇ ಅಂತ ರಾಜಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತ ಒಳಗೊಳಗೇ ಕುದಿಯುತ್ತಿದ್ದಳು.

ಆಯುಧಪೂಜೆ ಬಂತು. ರಾಜಮ್ಮ ಮಿಕ್ಸಿ, ಚಾಕು, ಕತ್ತರಿ, ಲ್ಯಾಪ್‌ಟಾಪು ಎಲ್ಲವನ್ನೂ ಒರೆಸಿ ಮಣೆಯ ಮೇಲಿಟ್ಟಳು. "ಕೆಳಗೆ ಹೋಗಿ ಗಾಡಿ ತೊಳ್ಯೋಣ ಬಾರೆ" ಅಂದರೆ ಮಗಳು "ಅದಕ್ಕೆ ಬೇಡಮ್ಮ" ಅಂತ ಸ್ನಾನಕ್ಕೆ ಎದ್ದು ಹೋದಳು. ರಾಜಮ್ಮನಿಗೆ ರೇಗಿತು. ಇವಳ ಪಾಲಿಗೆ ಗಾಡಿ ಅಂದರೆ ಇದೇ ತಾನೇ ಅಂತ ಆ ಡಬ್ಬಿಯನ್ನೇ ಮಣೆಗೆ ತಂದಳು. ಗುಂಡಿಗುಂಡಿಗೂ ಒದ್ದೆ ಅರಿಸಿನ ಬಳಿದು, ಕುಂಕುಮವಿಟ್ಟು, ಮುಂದೆ ಒಂದು ನಿಂಬೆಹಣ್ಣನ್ನೂ ಇಟ್ಟಳು. ಅದರಲ್ಲಿ ಅರ್ಧ ಭಕ್ತಿ, ಅರ್ಧ ಸಿಟ್ಟು.

ಸಂಜೆ ಸೊಸೈಟಿಯ ಅಂಗಳದಲ್ಲಿ ಗರ್ಬಾ ಕುಣಿತದವರು ಮೈಕು ಸರಿಮಾಡಿಕೊಳ್ಳುತ್ತಿದ್ದಾಗ ನಿಶ್ಚಿತಾ ಆಟಕ್ಕೆ ಕೂತಳು. ಅರಿಸಿನ ಒಣಗಿ ಆಕ್ಸಿಲರೇಟರಿನ ಗುಂಡಿ ಒತ್ತಿದ್ದು ಒತ್ತಿದ ಹಾಗೇ ಕಚ್ಚಿಕೊಂಡಿತ್ತು. ತಿರುವು ಬಂದರೂ ಬೈಕು ನಿಲ್ಲದೆ ನೇರ ಹೋಗಿ ಗೋಡೆಗೆ ಬಡಿಯಿತು. ಸವಾರ ಎದ್ದ, ಹತ್ತಿದ. ಮತ್ತೆ ಗೋಡೆ.

"ಏನಮ್ಮ ಮಾಡ್ದೆ ಇದಕ್ಕೆ?"

"ಪೂಜೆ ಮಾಡ್ದೆ. ದಿನಾ ಓಡ್ಸೋ ಗಾಡಿ ಅಲ್ವೇನೆ?"

"ಹಾಳು ಮಾಡ್ಬಿಟ್ಟೆ. ನಿನ್ನೆ ತಾನೆ ಇಟಲಿ ರೇಸ್ ಮುಗಿಸಿದ್ದೆ."

"ಇಟಲಿ ಸುತ್ತಿ ಬಂದೋಳಿಗೆ ಮಕರಪುರಕ್ಕೆ ಹೋಗೋಕಾಗಲ್ವಾ? ನಾನು ಊರಿಗೆ ಹೋಗೋದೇ ಬೇಡ್ವಾ?"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇಷ್ಟು ದಿನ ನುಂಗಿಕೊಂಡಿದ್ದನ್ನು ಹೀಗೆ ಹಬ್ಬದ ದಿನ ಕಾರಿಕೊಂಡೆನಲ್ಲ ಅಂತ ರಾಜಮ್ಮನಿಗೆ ನಾಚಿಕೆಯಾಯಿತು. ಮಗಳು ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಪರದೆಯ ಮೇಲೆ ಗೋಡೆಗೆ ಬಡಿಯುತ್ತಲೇ ಇದ್ದ ಬೈಕನ್ನು ನೋಡುತ್ತ ಕೂತಳು.

"ಅವತ್ತೂ ಹಿಂಗೇ ಆಗಿದ್ದಮ್ಮ" ಅಂದಳು ಕೊನೆಗೆ. "ನಾಯಿ ಅಡ್ಡ ಬಂದಿದ್ದು ನಿಜ. ಆದ್ರೆ ನಾನು ಬಿದ್ದಿದ್ದು ನಾಯಿಯಿಂದ ಅಲ್ಲ. ಹೆದರಿಕೆಗೆ ಬ್ರೇಕ್ ಹಿಡಿಯೋ ಬದ್ಲು ಆಕ್ಸಿಲರೇಟರ್ ತಿರುವಿಬಿಟ್ಟೆ. ನೇರ ಡಿವೈಡರ್‌ಗೆ ಹೋದೆ. ಇದ್ರಲ್ಲಿ ನಾನು ಗೆಲ್ಲೋಕೆ ಆಡ್ತಿರ್ಲಿಲ್ಲ. ಪ್ರತಿ ತಿರುವಲ್ಲೂ ಬ್ರೇಕ್ ಹಿಡಿಯೋದು ಕಲೀತಿದ್ದೆ. ನನ್ನ ಕೈ ಮೇಲೇ ನಂಗೆ ನಂಬಿಕೆ ಇಲ್ಲ."

ಇಷ್ಟು ದಿನ ಸೋಮಾರಿತನ ಅಂದುಕೊಂಡಿದ್ದೆನಲ್ಲ! ರಾಜಮ್ಮ ಮಣೆ ಮೇಲಿನ ನಿಂಬೆಹಣ್ಣು ತೆಗೆದುಕೊಂಡು ಮೆಟ್ಟಿಲಿಳಿದಳು. ಸ್ಕೂಟರಿನ ಕವರು ಎಳೆದು, ನಿಂಬೆಹಣ್ಣನ್ನು ಮುಂದಿನ ಚಕ್ರದಡಿ ಇಟ್ಟು ಸೊಂಟ ಹಿಡಿದುಕೊಂಡು ಎದ್ದಾಗ, ಹಿಂದೆ ಮಗಳು ಕೀ ಹಿಡಿದು ನಿಂತಿದ್ದಳು.

"ಹ್ಯಾಂಡಲ್ ಲಾಕ್ ತೆಗಿ ಸಾಕು. ಇಂಜಿನ್ ಬೇಡ" ಅಂದಳು ರಾಜಮ್ಮ. "ನಾನು ತಳ್ತೀನಿ. ನೀನು ಬ್ರೇಕ್ ಹಿಡಿ."

ನಿಶ್ಚಿತಾ ಹತ್ತಿ ಕೂತಳು. ಎರಡು ಬ್ರೇಕಿನ ಮೇಲೂ ಬೆರಳಿಟ್ಟಳು. ರಾಜಮ್ಮ ಸೆರಗು ಸಿಕ್ಕಿಸಿ, ಉಸಿರು ಬಿಗಿಹಿಡಿದು ತಳ್ಳಿದಳು. ನಿಂಬೆಹಣ್ಣು ಪಚಕ್ಕೆಂದಿತು. ಗಾಡಿ ಪಾರ್ಕಿಂಗಿನ ಕಂಬದ ಕಡೆ ಉರುಳಿಕೊಂಡು ಹೋಯಿತು. ಮರುಕ್ಷಣ ಗಕ್ಕನೆ ನಿಂತಿತು, ರಾಜಮ್ಮನ ಮೂಗು ಮಗಳ ಬೆನ್ನಿಗೆ ಬಡಿಯಿತು.

"ಹಿಡ್ದೆ ಅಮ್ಮ" ಅಂದಳು ನಿಶ್ಚಿತಾ. ಅಳುತ್ತಿದ್ದಳು.

ರಾಜಮ್ಮನ ಸೊಂಟ ಸಿಡಿಯುತ್ತಿತ್ತು. ಹೊರಗೆ ಗರ್ಬಾದ ಡೋಲು ಶುರುವಾಗಿತ್ತು. ಸೀರೆಗೆ ಜೇಬಿಲ್ಲವಲ್ಲ, ಫೋನು ಮೇಲೆ ಮನೆಯಲ್ಲೇ ಉಳಿದಿತ್ತು. ಗಂಡ ಕರೆಯುತ್ತಿರಬೇಕು, ಕರೆಯಲಿ. ಸ್ಕೂಟರನ್ನು ಹಿಂದಕ್ಕೆಳೆದು ಮೊದಲಿನ ಜಾಗದಲ್ಲಿ ನಿಲ್ಲಿಸಿ, ಸೀಟಿನ ಹಿಡಿಯ ಮೇಲೆ ಮತ್ತೆ ಎರಡೂ ಕೈಯಿಟ್ಟಳು.

"ಅಳೋದು ಆಮೇಲೆ. ಇನ್ನೊಂದ್ಸಲ ತಳ್ತೀನಿ, ಸರಿಯಾಗಿ ಕೂತ್ಕೊ."