ರಕ್ತದ ಬೀಗತನ

ಹೇಳಿಬಿಡಬೇಕು ಎಂದು ಗುರುಶಾಂತ ನಿರ್ಧರಿಸಿದ್ದು ಆಳಂದ ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸು ಅಕ್ಕನ ಊರು ಮಾದನಹಿಪ್ಪರಗಾ ಮುಟ್ಟುವ ಹೊತ್ತಿಗೆ ಆ ನಿರ್ಧಾರ ನಡುವೆ ಎಲ್ಲೋ ಇಳಿದುಹೋಗಿತ್ತು. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಫಜಲಪುರದ ಕಾಲೇಜಿನಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಹೇಳಿದ್ದ. ಹೇಳುವುದೇ ಬೇರೆ, ಹೇಳಿಬಿಡುವುದೇ ಬೇರೆ.

"ಮಾರಿ ಯಾಕ ಹಂಗ ಮಾಡೀರಿ? ಸೊಸೀ ಉಡಿ ತುಂಬಾಕ ಹೊಂಟೇವಿ, ಮಣ್ಣಿಗಲ್ಲ," ಎಂದಳು ಹೆಂಡತಿ ಅನುರಾಧಾ.

"ಬಿಸಲು," ಎಂದ.

ಮಗ ಮಹೇಶ ಬಂದಿರಲಿಲ್ಲ. ಅವನು ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬು ನುರಿಸುವ ಹಂಗಾಮಿನಲ್ಲಿ ರಜೆ ಕೊಡುವುದಿಲ್ಲ. ಗುರುಶಾಂತನ ಅಕ್ಕ ಗೌರಾಬಾಯಿಯ ಮಗಳು ಭಾಗ್ಯಜ್ಯೋತಿಯನ್ನು ಅವನಿಗೆ ತಂದುಕೊಳ್ಳುವುದೆಂದು ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು.

ಆಮೇಲೆ ಅಕ್ಕನಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ಸೋಲಾಪುರದ ಡಾಕ್ಟರು ಜಠರವನ್ನೇ ತೆಗೆದುಹಾಕಿದರು. ಡಿಎನ್‌ಎಯಲ್ಲಿ ಒಂದೇ ಅಕ್ಷರ ಸಾಲಾಗಿ ಮರುಕಳಿಸುವ ಜಾಗಗಳೆಲ್ಲ ಗಡ್ಡೆಯಲ್ಲಿ ಎಣಿಕೆ ತಪ್ಪಿ ಹದಗೆಟ್ಟಿವೆ, ನಕಲಿನ ತಪ್ಪು ತಿದ್ದಬೇಕಾದ ಜೀನೇ ಕೆಟ್ಟಿದೆ, ಅದು ವಂಶದಲ್ಲಿ ಬಂದದ್ದು ಎಂದರು. ತಮ್ಮನ ರಕ್ತವನ್ನೂ ತೆಗೆದುಕೊಂಡರು. ನಿನ್ನೆ ಫೋನು ಬಂತು. ಅವನಲ್ಲೂ ಅದೇ ಇತ್ತು.

ಹೆದರಿಕೆ ತನ್ನ ಸಲುವಾಗಿ ಅಲ್ಲ ಎಂದುಕೊಂಡ. ಅದು ಸುಳ್ಳು. ಇನ್ನೊಂದು ಹೆದರಿಕೆಯೂ ನಿಜವೇ. ಮಗನಿಗೂ ಅದು ಇಳಿದಿರಬಹುದು, ಭಾಗ್ಯಜ್ಯೋತಿಗೂ. ಇಬ್ಬರಲ್ಲೂ ಇದ್ದು, ಹುಟ್ಟುವ ಕೂಸಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದರೆ, ಆ ಕೂಸಿಗೆ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕ್ಯಾನ್ಸರ್ ಬರಬಹುದು. ಬೋರ್ಡಿನ ಮೇಲೆ ಚೌಕ ಎಳೆದು ಈ ಲೆಕ್ಕವನ್ನೇ ಅವನು ಪ್ರತಿ ವರ್ಷ ಕಲಿಸುತ್ತಿದ್ದ, ಬಟಾಣಿ ಗಿಡದ ಉದಾಹರಣೆ ಕೊಟ್ಟು.

ಅಕ್ಕ ಒಳಗೋಣೆಯ ಮಂಚದ ಮೇಲಿದ್ದಳು. ಮೈಯಲ್ಲಿ ಮೂಗೊಂದೇ ಉಳಿದಂತಿತ್ತು.

"ಬಂದ್ಯಾ ತಮ್ಮಾ."

"ಹ್ಯಾಂಗ ಅದ ಅಕ್ಕಾ?"

"ಎರಡ್ ಗುಟುಕು ಅಂಬಲಿ ಇಳೀತದ. ಸಾಕು."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಭಾಗ್ಯಾಂದೂ ರಕ್ತ ತಪಾಸ್ ಮಾಡ್ಸೋಣು. ಡಾಕ್ಟರು ಅಂದಿದ್ರಲ್ಲ."

ಅವಳು ಅವನ ಮುಂಗೈ ಹಿಡಿದಳು. "ಊರಾಗ ಗೊತ್ತಾದ್ರ ಆಕೀನ್ನ ಯಾರ್ ಮಾಡ್ಕೋತಾರ? ಹುಡುಗೀ ಬಾಳೇ ಹಾಳ್ ಮಾಡ್ತೀ ಏನು?" ಉಸಿರು ಎಳೆದುಕೊಂಡು ಕೇಳಿದಳು: "ನಿಂದು ಏನಂದ್ರು?"

"ಇನ್ನಾ ಫೋನ್ ಬಂದಿಲ್ಲ."

"ಬರ್ತದ. ಛಲೋನೇ ಬರ್ತದ. ನಮ್ಮ ರಕ್ತ ನಮ್ಮ ಮನ್ಯಾಗೇ ಉಳೀತು, ನಂಗ ಅಷ್ಟ ಸಾಕು."

ಅಕ್ಕನ ಮೇಲೆ ಅವನಿಗೆ ಕೆಟ್ಟ ಸಿಟ್ಟು ಬಂತು. ಅವಳು ಸಾಯುತ್ತಿದ್ದಾಳೆಂಬ ಸಂಕಟಕ್ಕಿಂತ ಆ ಸಿಟ್ಟನ್ನು ಹೊರುವುದು ಸುಲಭವಾಗಿತ್ತು. ಮದುವೆ ಇನ್ನೂ ದೂರ, ನಡುವೆ ಎಂದಾದರೂ ಮಗನಿಗೊಬ್ಬನಿಗೇ ಹೇಳಿದರಾಯಿತು ಎಂದುಕೊಂಡು ಎದ್ದ. ಓದಿದವರಿಗೆ ನೆಪಕ್ಕೆ ಬರವೇ?

ಪಡಸಾಲೆಯಲ್ಲಿ ಭಾಗ್ಯಜ್ಯೋತಿ ಹೊಸ ಹಸಿರು ಸೀರೆ ಉಟ್ಟು, ಸೆರಗು ಒಡ್ಡಿ ಕಂಬಳಿಯ ಮೇಲೆ ಕುಳಿತಿದ್ದಳು. ಗೌರಾಬಾಯಿಯನ್ನು ಇಬ್ಬರು ಹಿಡಿದು ತಂದು ಗೋಡೆಗೆ ಒರಗಿಸಿದರು. ಉಡಿ ತುಂಬಲು ಕುಳಿತವಳು ಮನೆತನಕ್ಕೆಲ್ಲ ಹಿರಿಯಳಾದ, ಗುರುಶಾಂತನ ಸೋದರತ್ತೆ ಸಾಬವ್ವ. ಐದು ಹಿಡಿ ಅಕ್ಕಿ ಹಾಕುವುದು ಪದ್ಧತಿ.

"ಒಂದು. ಎರಡು. ಮೂರು." ಮುದುಕಿಯ ಕಣ್ಣು ಗೌರಾಬಾಯಿಯ ಮುಖದ ಮೇಲೆ ಬಿತ್ತು, ಅಲ್ಲೇ ನಿಂತಿತು. ಕೈ ಮಾತ್ರ ನಿಲ್ಲಲಿಲ್ಲ. "ಮೂರು. ಮೂರು. ಮೂರು."

"ಐದು ಆದುವಲ್ರಿ ಅತ್ತೀ?" ಎಂದಳು ಅನುರಾಧಾ.

"ಹೆಚ್ಚಾದ್ರ ಛಲೋನೇ ಆತು ಬಿಡಬೇ," ಎಂದು ಯಾರೋ ನಕ್ಕರು.

ಸಾಬವ್ವ ತಬ್ಬಿಬ್ಬಾಗಿ ಗುರುಶಾಂತನ ಕಡೆ ತಿರುಗಿದಳು. "ನೀ ಸಾಲಿ ಕಲ್ತಾಂವ. ಎಣಿಸಾಕತ್ತಿದ್ಯಲ್ಲ? ಬರಾಬರ್ ಅದ ಹೌದಿಲ್ಲೋ?"

ಅಕ್ಕನೂ ಅವನನ್ನೇ ನೋಡುತ್ತಿದ್ದಳು. ಎಲ್ಲರೂ ನೋಡುತ್ತಿದ್ದರು.

"ಬರಾಬರ್ ಅದ," ಎಂದ.

"ಮೂರು," ಎಂದು ಮುದುಕಿ ಮತ್ತೆ ಅಕ್ಕಿಗೆ ಕೈ ಹಾಕಿದಳು. ಸೆರಗು ಜಗ್ಗಿತು. ಎರಡೂ ಬದಿಯಿಂದ ಅಕ್ಕಿ ಸುರಿಯತೊಡಗಿತು. ಭಾಗ್ಯಜ್ಯೋತಿ ನಗುತ್ತ ಅದನ್ನೆಲ್ಲ ಹೊಟ್ಟೆಗೆ ಅವುಚಿಕೊಂಡು ಏಳಲು ನೋಡಿದಳು, ಆಗಲಿಲ್ಲ. ಅಕ್ಕಿ ಬೀಳುತ್ತಲೇ ಇತ್ತು.