ಜಗಲಿ ಮೇಲಿನ ಸ್ವಿಚ್ಚು

ದೊಡ್ಡಬೀರಪ್ಪನವರಿಗೆ ಈ ಹುಚ್ಚು ಹತ್ತಿಸಿದ್ದು ಅವರದೇ ಬೋರ್‌ವೆಲ್ಲು. ಪಂಚನಹಳ್ಳಿಯ ತೋಟದ ಮೋಟರಿಗೆ ಮನೆಯ ಜಗಲಿಯವರೆಗೆ ವೈರು ಎಳೆಸಿಕೊಂಡಿದ್ದರು. ಕೂತಲ್ಲಿಂದ ಒತ್ತಿದರೆ ಅಲ್ಲಿ ನೀರು ಬೀಳುತ್ತಿತ್ತು. ಎಂಬತ್ನಾಲ್ಕರ ಚಳಿಗಾಲದಲ್ಲಿ ಅಂಬಾಸಿಡರ್ ಕಾರಿಗೂ ಹಾಗೇ ಮಾಡಿಸಬೇಕು ಅಂತ ತಲೆಗೆ ಹೊಕ್ಕಿತು. ತಾವು ಕಾಫಿ ಕುಡಿಯುತ್ತ ಸ್ವಿಚ್ಚು ಒತ್ತಬೇಕಂತೆ, ಶೆಡ್ಡಿನಲ್ಲಿ ಇಂಜಿನ್ ತಾನಾಗಿ ಎದ್ದು ಬಿಸಿಯಾಗಬೇಕಂತೆ, ತಾವು ಹೋಗಿ ಕೂತ ತಕ್ಷಣ ಕಾರು ತರೀಕೆರೆ ಮಂಡಿಗೆ ಹೊರಡಬೇಕಂತೆ. ಆ ಕಾರು ಓಡಿಸುವವನು ಕರಿಯಣ್ಣ. ಅವನನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದ. ಕಾರಿನ ಹ್ಯಾಂಡ್‌ಬ್ರೇಕು ಹೋಗಿ ವರ್ಷದ ಮೇಲಾಗಿತ್ತು. ಶೆಡ್ಡಿನ ನೆಲವೋ ಅಂಗಳದ ಕಡೆಗೆ ಇಳಿಜಾರು. ಅದಕ್ಕೇ ಅವನು ಕಾರನ್ನು ಗೇರಿನಲ್ಲೇ ಬಿಟ್ಟು, ಮುಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು ಇಳಿಯುತ್ತಿದ್ದ. ಗೇರಿನಲ್ಲಿರುವ ಕಾರಿಗೆ ದೂರದಿಂದ ಸ್ಟಾರ್ಟ್ ಕೊಟ್ಟರೆ ಅದು ನಿಂತಲ್ಲೇ ಬಿಸಿಯಾಗುವುದಿಲ್ಲ, ಮುಂದಕ್ಕೆ ನುಗ್ಗುತ್ತದೆ. ಬ್ರೇಕು ಸರಿ ಮಾಡಿಸಿ ಎಂದು ಹೇಳಿ ಹೇಳಿ ಕರಿಯಣ್ಣನ ಬಾಯಿ ಸೋತಿತ್ತು. "ಆಗ್ಲಿ ನೋಡಾನ" ಎನ್ನುತ್ತಿದ್ದರು ಯಜಮಾನರು. ಬ್ರೇಕಿಗೆ ಒಬ್ಬ ಮೆಕ್ಯಾನಿಕ್ಕನ್ನೂ ಕರೆಸದವರು ಸ್ವಿಚ್ಚಿಗೆ ಬೆಳಿಗ್ಗೆಯೇ ಎಲೆಕ್ಟ್ರಿಷಿಯನ್ನನ್ನು ಕರೆಸಿದರು.

ಕಡೂರಿನಿಂದ ಬಂದ ಆ ಹನುಮಂತಯ್ಯ ಬಾನೆಟ್ ಎತ್ತಿದವನೇ ಹಣೆ ಚಚ್ಚಿಕೊಂಡ. ಒಳಗಿನ ವೈರೆಲ್ಲ ಕೆಂಪು. ಕಾರು ಕೊಂಡ ವರ್ಷ ಪೂಜೆ ಮಾಡಿಸುವಾಗ, ಮನೆಗೆ ಬಂದ ಲಕ್ಷ್ಮಿಯ ಹೊಟ್ಟೆಯಲ್ಲಿ ಕರಿ ಬಣ್ಣ ಇರಕೂಡದು ಎಂದು ದೊಡ್ಡಬೀರಪ್ಪನವರು ಕರಿ, ಹಸಿರು, ಬಿಳಿ ಒಂದನ್ನೂ ಬಿಡದೆ ಕೀಳಿಸಿ ಕುಂಕುಮದ ಬಣ್ಣದ್ದೇ ಹಾಕಿಸಿದ್ದರು. ನಾಲ್ಕು ಟೈರೂ ಕರಿಯವೇ ಅಲ್ಲವೇ ಎಂದು ಕೇಳುವ ಧೈರ್ಯ ಆವತ್ತು ಯಾರಿಗೂ ಬರಲಿಲ್ಲ.

"ಹಾರನ್ದು ಯಾವ್ದು, ಲೈಟಿಂದು ಯಾವ್ದು, ಸ್ಟಾರ್ಟರ್ದು ಯಾವ್ದು ಅಂತ ಹೆಂಗ್ ಹುಡುಕ್ಲಪ್ಪ ಇದ್ರಾಗೆ" ಎಂದ ಹನುಮಂತಯ್ಯ.

"ಒಂದೊಂದು ವೈರಿಗೂ ಬಲ್ಬ್ ಹಚ್ಚಿ ನೋಡಾನ" ಎಂದ ಕರಿಯಣ್ಣ. "ನಾನು ಕ್ಲಚ್ ತುಳ್ಕಂಡು ಕೀ ತಿರುಗುಸ್ತೀನಿ. ಪೂರ್ತಿ ತಿರುಗಿಸ್ದಾಗ ಮಾತ್ರ ಹತ್ತಿ, ಬಿಟ್ಟೇಟ್ಗೆ ಆರೋಗೋದೇ ಸ್ಟಾರ್ಟರ್ ವೈರು."

ಅಷ್ಟರಲ್ಲಿ ಜಗಲಿಯಿಂದ ಕೂಗು ಬಂತು. "ಲೇ ಕರಿಯ, ಪಂಪ್‌ಹೌಸ್ನಾಗೆ ವೈರಿನ ಸುರುಳಿ ಐತೆ, ತಗಂಬಾ ಹೋಗು."

"ಗೇರ್ನಾಗೈತೆ ಗಾಡಿ. ನಾನು ಬರಗಂಟ ಏನೂ ಮುಟ್ಬ್ಯಾಡ್ರಿ" ಎಂದು ಹೇಳಿ ಕರಿಯಣ್ಣ ತೋಟಕ್ಕೆ ಹೋದ. ಅವನ ಹೆಂಡತಿ ಜವರಮ್ಮ ಶೆಡ್ಡಿನ ಮುಂದೆ, ದಿನಾ ಕೂರುವ ನೆರಳಿನಲ್ಲೇ ಗೋಣಿತಾಟು ಹಾಸಿಕೊಂಡು, ಕಾರಿಗೆ ಬೆನ್ನು ಮಾಡಿ ಕೊಬ್ಬರಿ ಬಿಡಿಸಿ ಪಕ್ಕದ ಬಿದಿರಿನ ಮಂಕರಿಗೆ ಹಾಕುತ್ತಿದ್ದಳು.

ಸುರುಳಿ ಹೆಗಲಿಗೇರಿಸಿ ಬೇಲಿ ದಾಟುವಾಗ ಸ್ಟಾರ್ಟರು ಕಿರುಗುಟ್ಟಿದ್ದು ಕೇಳಿಸಿತು. ಹಿಂದೆಯೇ ಜವರಮ್ಮನ ಚೀರಾಟ. ಕರಿಯಣ್ಣ ಸುರುಳಿ ಬಿಸಾಕಿ ಓಡಿದ.

ಕಾರು ಕಲ್ಲನ್ನು ತಳ್ಳಿಕೊಂಡು ಶೆಡ್ಡಿನಿಂದ ಹೊರಗೆ ಬಂದು ನಿಂತಿತ್ತು. ಮಂಕರಿ ಚಪ್ಪಟೆಯಾಗಿತ್ತು. ಜವರಮ್ಮ ಪಕ್ಕಕ್ಕೆ ಉರುಳಿಕೊಂಡಿದ್ದಳು, ಆದರೆ ಅವಳ ಸೆರಗು ಇನ್ನೂ ಟೈರಿನ ಕೆಳಗೇ ಇತ್ತು. ಜಗಲಿಯ ಮೇಲೆ ದೊಡ್ಡಬೀರಪ್ಪನವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

"ಸಿಕ್ತು ಕಣೋ ಹನುಮಂತ, ಅದೇ ವೈರು. ಗುರುತು ಮಾಡ್ಕ."

"ನಾನು ಬ್ಯಾಡ ಅಂದೆ ಕಣಪ್ಪ" ಎಂದ ಹನುಮಂತಯ್ಯ, ಮುಖ ತಗ್ಗಿಸಿ. "ಯಜಮಾನ್ರೇ ಒಂದೊಂದೇ ವೈರು ಬ್ಯಾಟ್ರಿಗೆ ತಾಕ್ಸು, ಯಾವ್ದು ಅಂತ ತಾನೇ ಗೊತ್ತಾಗುತ್ತೆ ಅಂದ್ರು."

ಕರಿಯಣ್ಣ ಗೇರು ಬಿಡಿಸಿ, ಹನುಮಂತಯ್ಯನ ಜೊತೆ ಕಾರನ್ನು ಹಿಂದಕ್ಕೆ ತಳ್ಳಿ ಸೆರಗು ಬಿಡಿಸಿದ.

"ಏನೂ ಆಗ್ಲಿಲ್ವಲ್ಲ ಬಿಡು. ಹೋಗಿದ್ದು ಒಂದು ಮಂಕ್ರಿ" ಎಂದರು ಯಜಮಾನರು.

"ಸರಿ. ಸ್ವಿಚ್ ಹಾಕ್ರಿ ಹನುಮಂತಯ್ಯ" ಎಂದ ಕರಿಯಣ್ಣ.

ಜಗಲಿಯವರೆಗೆ ವೈರು ಎಳೆದು ಸ್ವಿಚ್ಚು ಕೂರಿಸಿದ್ದಾಯಿತು. ಕರಿಯಣ್ಣ ಕಾರನ್ನು ಶೆಡ್ಡಿಗೆ ಸೇರಿಸಿ ಎಂದಿನಂತೆ ಗೇರಿಗೆ ಹಾಕಿದ, ಎಂದಿನಂತೆ ಕಲ್ಲು ಕೊಟ್ಟ, ಗೋಣಿತಾಟನ್ನು ಕೊಡವಿ ಅದೇ ಜಾಗದಲ್ಲಿ ಹಾಸಿದ. ಆಮೇಲೆ ನೇರವಾಗಿ ಬಂದು ಜಗಲಿ ಹತ್ತಿದ. ಅಪ್ಪನ ಕಾಲದಿಂದ ಈ ಮನೆಯಲ್ಲಿ ದುಡಿದರೂ ಅವನ ಕೇರಿಯವರು ಯಾರೂ ಹತ್ತಿದ ಜಗಲಿಯಲ್ಲ ಅದು.

ಕರಿಯಣ್ಣ ಅಲ್ಲಿ ನಿಂತು ಶೆಡ್ಡಿನ ಕಡೆ ನೋಡಿದ. ಜವರಮ್ಮ ಕೂತದ್ದು ಯಜಮಾನರಿಗೆ ಕಂಡಿರಲಿಕ್ಕಿಲ್ಲ, ಮರವೋ ಕಂಬವೋ ಅಡ್ಡ ಇದ್ದೀತು ಎಂದು ಇಷ್ಟು ಹೊತ್ತು ತನಗೆ ತಾನೇ ಹೇಳಿಕೊಂಡಿದ್ದ. ಅಡ್ಡ ಏನೂ ಇರಲಿಲ್ಲ. ಗೋಣಿತಾಟಿನ ಹರಕು ಕೂಡ ಅಲ್ಲಿಂದ ಕಾಣುತ್ತಿತ್ತು.

"ಹೋಗಿ ಆ ತಾಟಿನ ಮ್ಯಾಲೆ ಕೂತ್ಕಳ್ರಿ ಯಜಮಾನ್ರೇ" ಎಂದ, ಸ್ವಿಚ್ಚಿನ ಮೇಲೆ ಬೆರಳಿಟ್ಟು. "ಕಾರಿಗೆ ಬೆನ್ನು ಮಾಡ್ಕಂಡು ಕೂರ್ರಿ. ನಾನು ಒತ್ತುತೀನಿ."

"ತಲೆಗಿಲೆ ಕೆಟ್ಟೈತೇನೋ ನಿಂಗೆ?"

"ಏನೂ ಆಗ್ಲಿಲ್ಲ ಅಂದ್ರಲ್ಲ. ಹೋಗ್ರಿ."

ದೊಡ್ಡಬೀರಪ್ಪನವರು ತಾಟನ್ನು ನೋಡಿದರು, ಕಾರನ್ನು ನೋಡಿದರು, ಹೆಜ್ಜೆ ಎತ್ತಲಿಲ್ಲ. ಕರಿಯಣ್ಣ ಒತ್ತಿಯೇಬಿಟ್ಟ. ಕಾರು ಕಲ್ಲನ್ನು ನೂಕಿ ತಾಟಿನ ಮೇಲೆ ಹತ್ತಿ ನಿಂತಿತು. ಅಷ್ಟು ದೂರದ ಜಗಲಿಯಲ್ಲಿದ್ದರೂ ಯಜಮಾನರು ಹಿಂದಕ್ಕೆ ಸರಿದು ಗೋಡೆಗೆ ಒರಗಿದರು.

ಕರಿಯಣ್ಣ ಕಾರಿನ ಕೀಲಿಯನ್ನು ಅವರ ಕಾಫಿ ಲೋಟದ ಪಕ್ಕದಲ್ಲಿಟ್ಟು ಇಳಿದ. "ನಡಿ ಜವರಿ" ಎಂದ. ಟೈರಿನ ಕೆಳಗಿನ ತಾಟನ್ನು ಎಳೆದುಕೊಳ್ಳಲು ಬಗ್ಗಿದ ಅವಳ ಕೈ ಹಿಡಿದು ನಿಲ್ಲಿಸಿದ. "ಅದು ಅಲ್ಲೇ ಇರ್ಲಿ. ಅವ್ರು ದಿನಾ ನೋಡ್ಲಿ."