ಯಾವಾಗಲೂ ಎಂಬ ಉತ್ತರ

ಜುಟ್ಟು ಹಿಡಿದೆಳೆದವನು ನರ್ಸ್ ಡೊರೀನಳ ಹಣೆಯನ್ನು ಮಂಚದ ಕಂಬಿಗೆ ಎರಡು ಸಲ ಜಪ್ಪಿದ. ಮೂರನೆಯ ಸಲಕ್ಕೆ ಅವಳು ಅವನ ಹೆಬ್ಬೆರಳು ತಿರುಚಿ ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಕೈಯ ಗುದ್ದು ಬಾಯಿಗೆ ಬಿತ್ತು. ತುಟಿ ಹರಿದು ಎದೆಯ ಮೇಲೆಲ್ಲ ರಕ್ತ. ಅವಳು ಮಾಡಿದ ತಪ್ಪಾದರೂ ಏನು? ನೋವಿನ ಮಾತ್ರೆ ಕೊಡಲು ಇನ್ನೂ ಒಂದು ಗಂಟೆ ಕಾಯಬೇಕು ಎಂದದ್ದು. ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ ರಸ್ ಹಾಲೊರನ್‌ಗೆ ಜ್ವರವಿರಲಿಲ್ಲ, ಮಂಪರೂ ಇರಲಿಲ್ಲ. ಹೊಡೆಯಬೇಕೆನಿಸಿತು, ಹೊಡೆದ.

ಮೇಲ್ವಿಚಾರಕಿ ಗ್ರೆಚೆನ್ ಐಸ್ ಹಿಡಿದು ಓಡಿ ಬಂದಳು. ಪಾಪ, ಮರುಗಿದಳು. ಐಸ್ ಕರಗುವ ಮೊದಲೇ ಅಸಲು ಮಾತಿಗೂ ಬಂದಳು. ಮನೆಗೆ ಹೋದ ರೋಗಿಗಳಿಗೆ ಅಂಚೆಯಲ್ಲಿ ಪ್ರಶ್ನೆಗಳು ಹೋಗುತ್ತವೆ, ಇವನಿಗೂ ಹೋಗಬಹುದು. ನರ್ಸುಗಳು ಗೌರವದಿಂದ ನಡೆದುಕೊಂಡರೇ ಎಂಬುದಕ್ಕೆ ರೋಗಿ ‘ಯಾವಾಗಲೂ’ ಎಂದರಷ್ಟೇ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ‘ಸಾಮಾನ್ಯವಾಗಿ’ ಎಂದರೆ ನೀರಿನಲ್ಲಿ ಹೋಮ. ಆಸ್ಪತ್ರೆಯ ಅಂಕ ಇಳಿದರೆ ವಾಷಿಂಗ್ಟನ್‌ನಿಂದ ಬರುವ ಹಣ ಇಳಿಯುತ್ತದೆ. ಹೋದ ವರ್ಷ ಹಾಗೆ ಇಳಿದಾಗಲೇ ಇದೇ ಮಹಡಿಯ ಇಬ್ಬರು ನರ್ಸುಗಳು ಕೆಲಸ ಕಳೆದುಕೊಂಡದ್ದು.

"ಪೊಲೀಸು ಗಿಲೀಸು ಬೇಡ ಕಣೇ. ನಾಳಿದ್ದು ಹೋಗ್ತಾನೆ. ಅಲ್ಲೀವರೆಗೆ ನಗ್ತಾ ಇರು."

"ನಗೋಕೆ ತುಟಿ ಎಲ್ಲಿದೆ?"

"ಹೊಲಿಗೆ ಹಾಕಿಸ್ತೀನಿ. ಆಮೇಲೆ ನಗು."

ದೂರು ಕೊಡಲೇಬೇಕೆಂದು ಡೊರೀನಳ ಒಳಗು ಕುದಿಯುತ್ತಿತ್ತು. ಆದರೆ ಮುಂದಿನ ಸಲ ಹೋಗುವ ಕೆಲಸ ತನ್ನದೇ ಆದರೆ? ಮಾರನೆಯ ದಿನ ಹೊಲಿಗೆಯ ತುಟಿ ಹೊತ್ತು ಅವನಿಗೆ ಪುಡ್ಡಿಂಗ್ ಕೊಟ್ಟಳು. ಮನೆಗೆ ಪ್ರಶ್ನೆಗಳ ಕಾಗದ ಬರಬಹುದು, ನಿಮ್ಮನ್ನು ಯಾವಾಗಲೂ ಚೆನ್ನಾಗಿ ನೋಡಿಕೊಳ್ಳಬೇಕೆಂದೇ ನಮ್ಮ ಆಸೆ ಎಂಬ ಕಲಿಸಿಕೊಟ್ಟ ಮಾತನ್ನೂ ಒಪ್ಪಿಸಿದಳು. ಥೂ, ಇದೂ ಒಂದು ಬಾಳೇ ಎನಿಸಿತು.

"ಒಂದೇಟು ಬಿದ್ದ ಮೇಲೆ ಎಷ್ಟು ಚೆನ್ನಾಗಿ ಮಾತಾಡ್ತೀಯ ನೋಡು," ಎಂದ ರಸ್.

ಹೊರಡುವ ದಿನ ಅವನನ್ನು ಗಾಲಿಕುರ್ಚಿಯಲ್ಲಿ ಬಾಗಿಲವರೆಗೆ ತಳ್ಳುವ ಕೆಲಸವೂ ಅವಳ ಪಾಲಿಗೇ ಬಂತು. ಹೊರಗೆ ಈರೀ ಸರೋವರದ ಗಾಳಿ ಹಿಮವನ್ನು ಮುಖಕ್ಕೆ ಎರಚುತ್ತಿತ್ತು. ಅವನ ಹೆಂಡತಿ ಪಾಲೆಟ್ ಟ್ರಕ್ಕಿನ ಇಂಜಿನ್ ಆರಿಸದೆ ಇಳಿದು ಬಂದು, ಅವನ ಕಡೆಯ ಬಾಗಿಲು ತೆರೆದು ಹಿಡಿದಳು. ರಸ್ ಟ್ರಕ್ಕಿನ ಬಾಗಿಲ ಮೇಲಿನ ಹಿಡಿಕೆ ಹಿಡಿದುಕೊಳ್ಳಲು ತಟ್ಟನೆ ಕೈಯೆತ್ತಿದ.

ಇಬ್ಬರು ಹೆಂಗಸರೂ ಒಟ್ಟಿಗೇ ತಲೆ ತಗ್ಗಿಸಿದರು. ಡೊರೀನ್ ಕುರ್ಚಿಯ ಹಿಂದಕ್ಕೆ ಸರಿದಳು. ಪಾಲೆಟ್ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಳು. ತೋಳುಗಳ ಸಂದಿಯಿಂದ ಅವಳ ಕಣ್ಣು ಡೊರೀನಳ ತುಟಿಯ ಹೊಲಿಗೆಯ ಮೇಲೆ ನೆಟ್ಟಿತು.

ರಸ್ ನಕ್ಕುಬಿಟ್ಟ. "ಇಬ್ಬರಿಗೂ ಪಾಠ ಬಂದಿದೆ. ಕಾಗದ ಬರಲಿ ಕಣೇ, ಯಾವಾಗಲೂ ಅಂತಲೇ ಬರೀತೀನಿ."

ಡೊರೀನ್ ಬಗ್ಗಿ ಕುರ್ಚಿಯ ಎರಡೂ ಗಾಲಿಗಳಿಗೆ ಬ್ರೇಕ್ ಹಾಕಿದಳು.

"ವರ್ನನ್," ಎಂದು ಬಾಗಿಲ ಕಾವಲಿನವನನ್ನು ಕರೆದಳು. "ಪೊಲೀಸರಿಗೆ ಫೋನ್ ಮಾಡು. ನನ್ನ ಹೊಡೆದವನು ಇಲ್ಲೇ ಕೂತಿದಾನೆ."

ರಸ್ ಬಾಯಿಗೆ ಬಂದಂತೆ ಬೈಯುತ್ತ ಎದ್ದ. ಹೊಸ ಮಂಡಿ ಕೈಕೊಟ್ಟಿತು. ಕುರ್ಚಿಗೇ ಕುಸಿದು, ಟ್ರಕ್ಕಿಗೆ ಹತ್ತಿಸು ಎಂದು ಹೆಂಡತಿಯ ಮೇಲೆ ಕಿರುಚಿದ. ತೆರೆದೇ ಇದ್ದ ಬಾಗಿಲನ್ನು ಪಾಲೆಟ್ ಮೆಲ್ಲಗೆ ಮುಚ್ಚಿದಳು. ಆಚೆಯಿಂದ ಬಳಸಿ ಹೋಗಿ ಇಂಜಿನ್ ಆರಿಸಿದಳು. ಕೀಲಿಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬಂದು ಕುರ್ಚಿಯ ಹಿಂದೆ, ಅವನ ಕೈಗೆ ಎಟುಕದಷ್ಟು ದೂರದಲ್ಲಿ, ಡೊರೀನಳ ಪಕ್ಕ ನಿಂತಳು.